‘ನಾಳೆ ಬಾ’ ಎಂಬ ಕುಣಿಕೆ

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದ ಆ ಎರಡು ಪದ ನೆನಪಿದೆಯೇ? ‘ನಾಳೆ ಬಾ.’ ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವ ಹೊಸ್ತಿಲ ತನಕ ಬರುತ್ತದೆ, ಬರಹ ಓದುತ್ತದೆ, ‘ಸರಿ, ನಾಳೆ ಬಂದರಾಯಿತು’ ಎಂದು ಹಿಂದಿರುಗುತ್ತದೆ. ಮರುದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಚಿಕ್ಕಂದಿನಲ್ಲಿ ಹೆದರಿ, ದೊಡ್ಡವರಾದ ಮೇಲೆ ನಕ್ಕು, ಮರೆತೂಬಿಟ್ಟೆವು.

ಆದರೆ ಒಂದು ನಿಮಿಷ ನಿಂತು ಯೋಚಿಸಿ. ಈ ದೆವ್ವ ಎಂದಿಗೂ ಒಳಗೆ ಬರುವುದಿಲ್ಲ ಎಂದು ನಮಗೆ ಹೇಗೆ ಗೊತ್ತು? ಹತ್ತು ರಾತ್ರಿ ಕಾದು ನೋಡಿದರೆ ಸಾಕೇ? ನೂರು? ನೂರೊಂದನೇ ರಾತ್ರಿ ಬಂದುಬಿಟ್ಟರೆ? ‘ಎಂದಿಗೂ’ ಎಂಬುದು ಎಣಿಸಿ ಮುಗಿಸುವ ಸಂಖ್ಯೆಯಲ್ಲ. ಆದರೂ ಅಜ್ಜಿ ಒಂದೇ ಒಂದು ರಾತ್ರಿಯನ್ನೂ ಕಾಯದೆ ನೆಮ್ಮದಿಯಾಗಿ ಮಲಗುತ್ತಿದ್ದಳು. ಬರಹ ಅಳಿಸುವುದಿಲ್ಲ, ದೆವ್ವಕ್ಕೆ ನಿನ್ನೆಯ ನೆನಪಿಲ್ಲ. ಇವತ್ತಿನ ಸ್ಥಿತಿ ನಿನ್ನೆಯ ಸ್ಥಿತಿಯೇ. ಬಂದ ದಾರಿಗೇ ಬಂದು ಸೇರಿತು ಎಂದರೆ ಮುಗಿಯಿತು, ಅನಂತಕಾಲದ ಲೆಕ್ಕ ಅಲ್ಲಿಗೆ ಚುಕ್ತಾ!

ಅಜ್ಜಿಯ ಈ ಲೆಕ್ಕವನ್ನೇ ಇವತ್ತು ಕಂಪ್ಯೂಟರುಗಳು ಮಾಡುತ್ತಿವೆ. ಚಿಪ್ಪುಗಳ ಮೇಲೆ, ದೂರವಾಣಿ ವಿನಿಮಯ ಕೇಂದ್ರಗಳ ತಂತ್ರಾಂಶದ ಮೇಲೆ, ಬಾಹ್ಯಾಕಾಶ ನೌಕೆಗಳ ಮೇಲೆ. ‘ಯಾವಾಗಲೂ’, ‘ಎಂದಾದರೂ’, ‘ಅಲ್ಲಿಯವರೆಗೆ’ ಎಂಬ ನಮ್ಮ ದಿನಬಳಕೆಯ ಮಾತುಗಳನ್ನು ತರ್ಕದ ಚಿಹ್ನೆಗಳನ್ನಾಗಿ ಮಾಡಿಕೊಟ್ಟರೆ, ಯಂತ್ರ ಒಂದು ಪ್ರೋಗ್ರಾಮಿನ ಸಕಲ ಭವಿಷ್ಯಗಳನ್ನೂ ಜಾಲಾಡಿ ಉತ್ತರ ಹೇಳುತ್ತದೆ. ಈ ವಿದ್ಯೆಯ ಹೆಸರು ಮಾಡೆಲ್ ಚೆಕಿಂಗ್. ಆ ಚಿಹ್ನೆಗಳ ಭಾಷೆ ಟೆಂಪೊರಲ್ ಲಾಜಿಕ್. ಕಾಲತರ್ಕ ಎಂದು ಕರೆಯೋಣ.

ಓದಿದ್ದನ್ನು ಕೈಯಾರೆ ಮಾಡಿ ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ರಾತ್ರಿ ಊಟ ಮುಗಿಸಿ ‘ಸ್ಪಿನ್’ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಬೆಲ್ ಲ್ಯಾಬ್ಸ್‌ನಲ್ಲಿ ಗೆರಾರ್ಡ್ ಹೋಲ್ಜ್‌ಮನ್ ಬರೆದದ್ದು, 1991ರಿಂದ ಎಲ್ಲರಿಗೂ ಉಚಿತ. ಅದರಲ್ಲಿ ಒಂದು ಬಡಪಾಯಿ ಲಿಫ್ಟ್ ಕಟ್ಟಿದೆ. ನೆಲಮಹಡಿ, ಅದರ ಮೇಲೆ ಮೂರು. ಪ್ರತಿ ಮಹಡಿಗೂ ಒಂದು ಗುಂಡಿ. ಲಿಫ್ಟಿಗೆ ಒಂದೇ ನಿಯಮ: ಹತ್ತಿರದ ಕರೆಗೆ ಮೊದಲು ಹೋಗು. ಕರೆಂಟೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಯಾರು ಕೇಳಿದರೂ ಒಪ್ಪುವಂಥ ನಿಯಮ.

ಆಮೇಲೆ ಒಂದೇ ಸಾಲಿನ ಬೇಡಿಕೆ ಬರೆದೆ: ‘ಯಾವಾಗಲೇ ಆಗಲಿ, ಮೂರನೇ ಮಹಡಿಯಲ್ಲಿ ಗುಂಡಿ ಒತ್ತಿದರೆ, ಎಂದಾದರೂ ಲಿಫ್ಟ್ ಅಲ್ಲಿಗೆ ಬಂದೇ ಬರುತ್ತದೆ.’ ಸ್ಪಿನ್ ಭಾಷೆಯಲ್ಲಿ ‘ಯಾವಾಗಲೂ’ ಎನ್ನಲು ಒಂದು ಪುಟ್ಟ ಚೌಕ, ‘ಎಂದಾದರೂ’ ಎನ್ನಲು ಒಂದು ಪುಟ್ಟ ವಜ್ರಾಕೃತಿ. ಅಷ್ಟೇ! ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯ ಮೇಲೆ ‘ಎರರ್ಸ್: 1’.

ಎಲ್ಲಿ ತಪ್ಪು? ಯಂತ್ರ ಬರೀ ತಪ್ಪು ಎಂದು ಹೇಳಿ ಸುಮ್ಮನಾಗುವುದಿಲ್ಲ, ತಪ್ಪಿನ ಜಾಡನ್ನೇ ಬರೆದಿಟ್ಟಿರುತ್ತದೆ. ಜಾಡು ಹಿಡಿದು ನಡೆದೆ. ಲಿಫ್ಟ್ ನೆಲಮಹಡಿಯಲ್ಲಿದೆ. ಮೂರರಲ್ಲಿ ಯಾರೋ ಗುಂಡಿ ಒತ್ತಿದರು. ಜೊತೆಗೇ ಒಂದರಲ್ಲೂ ಒತ್ತಿದರು. ಹತ್ತಿರ ಯಾವುದು? ಒಂದು. ಹೋಯಿತು. ಅಷ್ಟರಲ್ಲಿ ನೆಲಮಹಡಿಯ ಕರೆ. ಒಂದರಿಂದ ಕೆಳಕ್ಕೆ ಒಂದೇ ಮಹಡಿ, ಮೇಲಕ್ಕೆ ಮೂರಕ್ಕೆ ಎರಡು. ಕೆಳಗೆ ಬಂತು. ಬಂದು ನಿಲ್ಲುವಷ್ಟರಲ್ಲಿ ಮತ್ತೆ ಒಂದರ ಕರೆ. ಇಲ್ಲಿಗೆ ಬಂದಾಗ ಜಾಡಿನ ನಡುವೆ ಸ್ಪಿನ್ ಒಂದು ಗೆರೆ ಎಳೆದಿತ್ತು: ‘ಸ್ಟಾರ್ಟ್ ಆಫ್ ಸೈಕಲ್’. ಇಲ್ಲಿಂದ ಮುಂದೆ ಸುತ್ತು. ನೆಲ, ಒಂದು, ನೆಲ, ಒಂದು, ನೆಲ, ಒಂದು... ಮೂರನೇ ಮಹಡಿಯಲ್ಲಿ ತರಕಾರಿ ಚೀಲ ಹಿಡಿದು ನಿಂತವರ ಗುಂಡಿ ಕೆಂಪಗೆ ಉರಿಯುತ್ತಲೇ ಇದೆ, ಯುಗ ಯುಗಗಳ ತನಕ. ಪ್ರತಿ ಸಲವೂ ಲಿಫ್ಟ್ ಅವರಿಗೆ ಹೇಳುತ್ತಿದೆ: ನಾಳೆ ಬಾ!

ಕುರ್ಚಿಯಿಂದ ಎದ್ದುಬಿಟ್ಟೆ. ಒಂದು ಹಿಡಿ, ಅದರ ತುದಿಗೆ ಒಂದು ಸುತ್ತು. ಹಗ್ಗದ ಕುಣಿಕೆಯ ಹಾಗೆ. ಈ ವಿದ್ಯೆಯವರೂ ಅದನ್ನು ಕುಣಿಕೆ, ‘ಲ್ಯಾಸೊ’ ಎಂದೇ ಕರೆಯುತ್ತಾರೆ.

ಇದು ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದರೆ ಸಿಲಿಕಾನ್ ಕಣಿವೆ ಸಿಗುವುದಿಲ್ಲ. ಸಿಗುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಒಂದು ಮಲಗುವ ಕೋಣೆ. 1953ರ ಒಂದು ರಾತ್ರಿ ತತ್ವಶಾಸ್ತ್ರದ ಮೇಷ್ಟ್ರು ಆರ್ಥರ್ ಪ್ರಯರ್ ಹೆಂಡತಿ ಮೇರಿಯನ್ನು ನಿದ್ದೆಯಿಂದ ಎಬ್ಬಿಸಿದರು. ಹಾಸಿಗೆಯ ಅಂಚಿನಲ್ಲಿ ಕೂತು, ಕಾಲದ ಬಗ್ಗೆ ಜಾನ್ ಫಿಂಡ್ಲೆ ಬರೆದಿದ್ದ ಲೇಖನದ ಒಂದು ಅಡಿಟಿಪ್ಪಣಿಯನ್ನು ಓದಿ ಹೇಳಿದರು: ಭೂತ, ಭವಿಷ್ಯಗಳನ್ನೂ ತರ್ಕದ ಸೂತ್ರಗಳಲ್ಲಿ ಹಿಡಿಯಬಹುದು ಅನಿಸುತ್ತಿದೆ. ಮೇರಿಯೇ ಮುಂದೆ ನೆನಪಿಸಿಕೊಂಡ ಪ್ರಸಂಗ ಇದು. ಆ ನಡುರಾತ್ರಿ ಆಕೆ ಏನೆಂದರೋ! ಒಂದು ಅಡಿಟಿಪ್ಪಣಿಗಾಗಿ ನನ್ನನ್ನು ಎಬ್ಬಿಸಿದ್ದರೆ ನಾನಂತೂ ಮುಸುಕೆಳೆದು ಮಲಗುತ್ತಿದ್ದೆ.

ಅಲ್ಲಿಯವರೆಗಿನ ಆಧುನಿಕ ತರ್ಕಶಾಸ್ತ್ರಕ್ಕೆ ಗಡಿಯಾರವೇ ಇರಲಿಲ್ಲ. ಒಂದು ಮಾತು ನಿಜವೆಂದರೆ ಸದಾ ನಿಜ, ಸುಳ್ಳೆಂದರೆ ಸದಾ ಸುಳ್ಳು. ‘ಮಳೆ ಬರುತ್ತಿದೆ’ ಎಂಬ ಸಾಮಾನ್ಯ ಮಾತಿಗೆ ಅಲ್ಲಿ ಜಾಗವಿಲ್ಲ, ಯಾಕೆಂದರೆ ಅದು ಬೆಳಿಗ್ಗೆ ನಿಜ, ಮಧ್ಯಾಹ್ನ ಸುಳ್ಳು. ಪ್ರಯರ್ ನಾಲ್ಕು ಚಿಹ್ನೆ ತಂದರು: ಮುಂದೊಮ್ಮೆ ಆಗುತ್ತದೆ, ಹಿಂದೊಮ್ಮೆ ಆಗಿತ್ತು, ಮುಂದೆ ಸದಾ ಹೀಗೇ, ಹಿಂದೆ ಸದಾ ಹೀಗೇ. ಅವರಿಗೆ ಬೇಕಾಗಿದ್ದದ್ದು ವಿಧಿ ಮತ್ತು ಸ್ವಾತಂತ್ರ್ಯದ ಹಳೆಯ ಜಿಜ್ಞಾಸೆಗೆ ಉತ್ತರ. ನಾಳೆ ಸಮುದ್ರಯುದ್ಧ ನಡೆಯುತ್ತದೆ ಎಂಬುದು ಇಂದೇ ನಿಜವೇ ಎಂದು ಅರಿಸ್ಟಾಟಲ್ ಕೇಳಿದ್ದನಲ್ಲ, ಅಂಥ ಪ್ರಶ್ನೆಗಳು. ಆದರೂ 1967ರ ತಮ್ಮ ಪುಸ್ತಕದಲ್ಲಿ ಅವರು ಹೋಗುವ ದಾರಿಯಲ್ಲಿ ಒಂದು ಮಾತು ಉದುರಿಸಿದ್ದಾರೆ: ಹೆಜ್ಜೆ ಹೆಜ್ಜೆಯಾಗಿ ನಡೆಯುವ ಕಾಲದ ಈ ತರ್ಕ ಡಿಜಿಟಲ್ ಕಂಪ್ಯೂಟರಿನ ಕೆಲಸದಂಥ ಕಡೆ ಉಪಯೋಗಕ್ಕೆ ಬರುತ್ತದೆ, ಎಂದು. 1967ರಲ್ಲಿ! ಎರಡು ವರ್ಷಕ್ಕೆ ಅವರು ತೀರಿಕೊಂಡರು. ಆ ಮಾತು ನಿಜವಾಗುವುದನ್ನು ಅವರು ನೋಡಲಿಲ್ಲ.

ನಿಜ ಮಾಡಿದವರು ಇಸ್ರೇಲಿನ ಅಮೀರ್ ಪ್ನುಯೇಲಿ, 1977ರಲ್ಲಿ. ಅಲ್ಲಿಯವರೆಗೆ ಪ್ರೋಗ್ರಾಮ್ ಸರಿಯಿದೆ ಎಂದು ತೋರಿಸುವುದೆಂದರೆ, ಅದು ಕೊನೆಗೆ ಸರಿಯಾದ ಉತ್ತರ ಕೊಟ್ಟು ನಿಲ್ಲುತ್ತದೆ ಎಂದು ತೋರಿಸುವುದು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೊನೆ ಎಲ್ಲಿದೆ? ಆಪರೇಟಿಂಗ್ ಸಿಸ್ಟಮಿಗೆ? ಲಿಫ್ಟಿಗೆ? ಅವು ನಿಂತರೇ ಅನಾಹುತ. ಹಾಗಾದರೆ ನಿಲ್ಲದ ಪ್ರೋಗ್ರಾಮಿನ ಬಗ್ಗೆ ಮಾತಾಡಲು ನಿಲ್ಲದ ಕಾಲದ ಭಾಷೆಯೇ ಬೇಕು ಎಂದು ಕಂಡುಕೊಂಡವರು ಪ್ನುಯೇಲಿ. ದೇವರು ಮತ್ತು ವಿಧಿಗಾಗಿ ಹುಟ್ಟಿದ ಚಿಹ್ನೆಗಳು ಪ್ರಿಂಟರು, ಪ್ರೊಸೆಸರುಗಳ ಕೆಲಸಕ್ಕೆ ನಿಂತವು. 1996ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಆರಂಭದಲ್ಲಿ ಇದೆಲ್ಲ ಕೈಲೆಕ್ಕ. ಪೆನ್ಸಿಲ್ ಹಿಡಿದು, ಪುಟಗಟ್ಟಲೆ ಸಾಧನೆ ಬರೆದು, ನಡುವೆ ಒಂದು ಕಡೆ ಎಡವಿ, ಮತ್ತೆ ಮೊದಲಿನಿಂದ. ಯಾರು ಮಾಡುತ್ತಾರೆ ಸ್ವಾಮಿ? ಸಾಧನೆ ಬರೆಯುವುದು ಬೇಡ, ಎಲ್ಲ ಸ್ಥಿತಿಗಳನ್ನೂ ಯಂತ್ರವೇ ಸುತ್ತಿ ನೋಡಲಿ ಎಂಬ ಮಾತು 1981-82ರ ಹೊತ್ತಿಗೆ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಒಂದರಿಂದೊಂದಕ್ಕೆ ಸುಳಿವಿಲ್ಲದೆ ಹುಟ್ಟಿತು: ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕೆಯ್ಲ್ ಮತ್ತು ಜೋಸೆಫ್ ಸಿಫಾಕಿಸ್. ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೂ 2007ರ ಟ್ಯೂರಿಂಗ್ ಪ್ರಶಸ್ತಿ.

ನನ್ನನ್ನು ಮರುಳು ಮಾಡಿದ್ದು ಮಾತ್ರ 1986ರ ಒಂದು ಉಪಾಯ. ಮೋಶೆ ವಾರ್ಡಿ ಮತ್ತು ಪಿಯರ್ ವೋಲ್ಪರ್ ಕೊಟ್ಟದ್ದು. ಅದನ್ನು ನನ್ನ ಲಿಫ್ಟಿನ ಮೇಲೆಯೇ ತೋರಿಸುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ಮೊದಲು ಲೆಕ್ಕ. ಲಿಫ್ಟ್ ನಿಲ್ಲುವ ಜಾಗ 4. ಗುಂಡಿ 4, ಪ್ರತಿಯೊಂದೂ ಹತ್ತಿರಬಹುದು, ಆರಿರಬಹುದು, ಅಂದರೆ 16 ಬಗೆ. ಒಟ್ಟು 64 ಸ್ಥಿತಿ. 64 ಕೋಣೆಗಳ ಒಂದು ಮನೆ ಎಂದುಕೊಳ್ಳಿ. ಕೋಣೆಯಿಂದ ಕೋಣೆಗೆ ಬಾಗಿಲು.

ಈಗ ನನ್ನ ಬೇಡಿಕೆಯನ್ನು ಬಿಟ್ಟು ಅದರ ವಿರುದ್ಧದ ಮಾತನ್ನು ತೆಗೆದುಕೊಳ್ಳಿ: ‘ಯಾವಾಗಲೋ ಒಮ್ಮೆ ಮೂರರಲ್ಲಿ ಗುಂಡಿ ಒತ್ತಿದರು, ಅಲ್ಲಿಂದಾಚೆಗೆ ಲಿಫ್ಟ್ ಬರಲೇ ಇಲ್ಲ.’ ಈ ದೂರನ್ನು ಒಬ್ಬ ಮನುಷ್ಯನನ್ನಾಗಿ ಮಾಡಿ. ಮೂರನೇ ಮಹಡಿಯ ತಕರಾರಿನ ತಾತ. ತಾತನಿಗೆ ಎರಡೇ ಭಂಗಿ. ಒಂದು, ಸೋಫಾದಲ್ಲಿ ಪೇಪರ್ ಓದುತ್ತ ಕೂರುವುದು. ಎರಡು, ಗುಂಡಿ ಒತ್ತಿದ ಯಾವುದೋ ಒಂದು ಗಳಿಗೆಯಲ್ಲಿ ‘ನೋಡ್ತಾ ಇರಿ, ಇನ್ನು ಇದು ಬರೋದೇ ಇಲ್ಲ’ ಎಂದು ಎದ್ದು ಬಾಗಿಲಲ್ಲಿ ನಿಂತುಬಿಡುವುದು. ಲಿಫ್ಟ್ ಬಂದರೆ ತಾತ ಸೋತ. ಅನಂತಕಾಲ ನಿಂತೇ ಇರಲು ಸಾಧ್ಯವಾದರೆ ಗೆದ್ದ. ಇಂಥ ಕೊನೆಯಿಲ್ಲದ ಓಟಗಳನ್ನು ನೋಡಿ ತೀರ್ಪು ಕೊಡುವ ಪುಟ್ಟ ಯಂತ್ರಕ್ಕೆ ಬುಕ್ಕಿ ಆಟೊಮೇಟನ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಗಣಿತಜ್ಞ ರಿಚರ್ಡ್ ಬುಕ್ಕಿ ಅದನ್ನು ಅಂಕಗಣಿತದ ತರ್ಕಕ್ಕಾಗಿ ಕಟ್ಟಿದ್ದು, ಪ್ರಬಂಧ ಅಚ್ಚಾದದ್ದು 1962ರಲ್ಲಿ; ಲಿಫ್ಟು, ಪ್ರಿಂಟರು ಯಾವುದೂ ಅವರ ತಲೆಯಲ್ಲಿರಲಿಲ್ಲ.

ಲಿಫ್ಟಿನ 64 ಸ್ಥಿತಿ, ತಾತನ 2 ಭಂಗಿ. ಗುಣಿಸಿ: 128 ಕೋಣೆ. ಈಗ ಉಸಿರು ಬಿಗಿಹಿಡಿದು ಕೇಳಿ. ಅನಂತಕಾಲದ ಪ್ರಶ್ನೆ ಪೂರ್ತಿ ಕರಗಿ, ಉಳಿದ ಪ್ರಶ್ನೆ ಇಷ್ಟೇ: ಈ 128 ಕೋಣೆಗಳಲ್ಲಿ, ತಾತ ನಿಂತಿರುವ ಕೋಣೆಯೊಂದನ್ನು ಮುಟ್ಟಿ ಮತ್ತೆ ಅದೇ ಕೋಣೆಗೆ ಬಂದು ಸೇರುವ ಸುತ್ತುದಾರಿ ಇದೆಯೇ? 128 ಕೋಣೆಗಳಲ್ಲಿ ಕೊನೆಯಿಲ್ಲದೆ ಅಲೆಯುವವನು ಯಾವುದಾದರೂ ಕೋಣೆಗೆ ಮರಳಿ ಬರಲೇಬೇಕು, ಬೇರೆ ದಾರಿಯಿಲ್ಲ! ಸುತ್ತು ಸಿಕ್ಕಿದರೆ ಅದೇ ಕುಣಿಕೆ, ಅದೇ ತಪ್ಪಿನ ಜಾಡು. 128ನ್ನೂ ಹುಡುಕಿ ಸುತ್ತು ಸಿಗದಿದ್ದರೆ? ಆಗ ಪ್ರಪಂಚ ಇರುವ ತನಕ ಆ ತಪ್ಪು ಆಗುವುದಿಲ್ಲ. ಸಾಧನೆ ಮುಗಿಯಿತು. ದಾರಿ ಹುಡುಕುವ ಈ ಕೆಲಸ ಕಂಪ್ಯೂಟರ್ ಸೈನ್ಸ್ ಹುಡುಗರು ಎರಡನೇ ವರ್ಷದಲ್ಲಿ ಕಲಿಯುವಂಥದ್ದು.

ತೊಡಕಿಲ್ಲವೆಂದಲ್ಲ. ಬೇಡಿಕೆ ಉದ್ದವಾದಷ್ಟೂ ತಾತನ ಭಂಗಿಗಳು ಇಮ್ಮಡಿ, ನಾಲ್ಮಡಿಯಾಗಿ ಬೆಳೆಯುತ್ತವೆ. ಆದರೆ 1985ರಲ್ಲೇ ಓರ್ನಾ ಲಿಕ್ಟೆನ್‌ಸ್ಟೈನ್ ಮತ್ತು ಪ್ನುಯೇಲಿ ತೋರಿಸಿಕೊಟ್ಟಿದ್ದರು: ಅಂಥ ಭಾರ ಬೀಳುವುದು ಬೇಡಿಕೆಯ ಉದ್ದದ ಮೇಲೆ ಮಾತ್ರ, ಪ್ರೋಗ್ರಾಮಿನ ಗಾತ್ರ ಎಷ್ಟೋ ಕೆಲಸ ಅಷ್ಟೇ ಪಟ್ಟು. ಪ್ರೋಗ್ರಾಮ್ ಬೆಟ್ಟದಷ್ಟಿರುತ್ತದೆ, ನಾವು ಕೇಳುವ ಮಾತು ಒಂದು ಸಾಲು.

ಆ ಬೆಟ್ಟ ಮಾತ್ರ ಭಯಂಕರ. ನನ್ನ ಲಿಫ್ಟನ್ನು ಹತ್ತು ನಿಲುಗಡೆಗೆ ಏರಿಸಿದೆ: 10,240 ಸ್ಥಿತಿ. ಇಪ್ಪತ್ತಕ್ಕೆ: ಎರಡು ಕೋಟಿ ದಾಟಿತು. ಮೂವತ್ತಕ್ಕೆ: 3,221 ಕೋಟಿ! ಒಂದೊಂದು ಗುಂಡಿ ಸೇರಿದಂತೆಲ್ಲ ಮನೆ ದುಪ್ಪಟ್ಟಾಗುತ್ತದೆ. ಒಂದು ಲಿಫ್ಟಿನ ಗತಿ ಹೀಗಾದರೆ ಲಕ್ಷಾಂತರ ಗೇಟುಗಳ ಚಿಪ್ಪಿನ ಗತಿ? ಇದಕ್ಕೆ ಸ್ಥಿತಿಗಳ ಸ್ಫೋಟ ಎಂದೇ ಹೆಸರು. ಈ ವಿದ್ಯೆ ಆಟಿಕೆಯಾಗಿಯೇ ಉಳಿಯುತ್ತದೆ ಎಂದು ಆಗ ಬಹಳ ಜನ ನಂಬಿದ್ದರು.

1987ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆನ್ ಮೆಕ್‌ಮಿಲನ್‌ಗೆ ಹೊಳೆಯಿತು: ಕೋಣೆಗಳನ್ನು ಒಂದೊಂದಾಗಿ ಎಣಿಸುವುದೇಕೆ? ‘ಮೂರರ ಗುಂಡಿ ಹತ್ತಿದೆ’ ಎಂಬ ಒಂದೇ ಮಾತು ಮೂವತ್ತು ಗುಂಡಿಗಳ 53 ಕೋಟಿಗೂ ಹೆಚ್ಚು ಜೋಡಣೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಹಾಗೆ ಮಾತಿನಲ್ಲೇ ಗುಂಪುಗಳನ್ನು ಹಿಡಿದು, ಗುಂಪಿನಿಂದ ಗುಂಪಿಗೆ ಜಿಗಿದರೆ? ಅಂಥ ಮಾತುಗಳನ್ನು ಅಡಕವಾಗಿ ಮಡಚಿಡುವ ಚಿತ್ರಗಳ ವಿಧಾನವನ್ನು ರಾಂಡಲ್ ಬ್ರಯಂಟ್ 1986ರಲ್ಲಿ ಕೊಟ್ಟಿದ್ದರು. ಎರಡನ್ನೂ ಕೂಡಿಸಿದರು. 1990ರಲ್ಲಿ ಬಂದ ಪ್ರಬಂಧದ ಶೀರ್ಷಿಕೆಯಲ್ಲೇ ಸಂಖ್ಯೆಯಿದೆ: 1ರ ಮುಂದೆ 20 ಸೊನ್ನೆ, ಅಷ್ಟು ಸ್ಥಿತಿಗಳು ‘ಮತ್ತು ಅದರಾಚೆ’. ಆ ‘ಅದರಾಚೆ’ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಲಿಫ್ಟ್ ಬಿಡಿ, ಇದು ನಿಜವಾದ ಯಂತ್ರಗಳಲ್ಲಿ ಏನು ಹಿಡಿಯುತ್ತದೆ? ನಾಸಾದ ಡೀಪ್ ಸ್ಪೇಸ್ 1 ನೌಕೆಯ ಕಥೆ ಕೇಳಿ. 1998ರ ಅಕ್ಟೋಬರಿನಲ್ಲಿ ಹಾರಿದ ಈ ನೌಕೆಯಲ್ಲಿ ರಿಮೋಟ್ ಏಜೆಂಟ್ ಎಂಬ ತಂತ್ರಾಂಶವಿತ್ತು. ಭೂಮಿಯ ಅಪ್ಪಣೆಗೆ ಕಾಯದೆ ತಾನೇ ಯೋಚಿಸಿ ನೌಕೆ ನಡೆಸುವಂಥದ್ದು. ಹಾರುವ ಮುಂಚೆ, 1997ರಲ್ಲಿ, ನಾಸಾದ ಏಮ್ಸ್ ಕೇಂದ್ರದಲ್ಲಿ ಕ್ಲೌಸ್ ಹ್ಯಾವೆಲುಂಡ್ ಮತ್ತು ಸಂಗಡಿಗರು ಅದರ ಒಂದು ಭಾಗವನ್ನು ಸ್ಪಿನ್‌ಗೆ ಕೊಟ್ಟರು. ಐದು ತಪ್ಪು ಸಿಕ್ಕವು. ಅದರಲ್ಲೊಂದು ಹೀಗೆ: ಒಂದು ಕೆಲಸಗಾರ ಪ್ರಕ್ರಿಯೆ ‘ಹೊಸ ಸುದ್ದಿ ಏನಾದರೂ ಇದೆಯೇ?’ ಎಂದು ನೋಡುತ್ತದೆ. ಇಲ್ಲದಿದ್ದರೆ ‘ಸುದ್ದಿ ಬಂದಾಗ ಎಬ್ಬಿಸಿ’ ಎಂದು ಮಲಗುತ್ತದೆ. ಸರಿಯಾಗಿಯೇ ಇದೆಯಲ್ಲ? ಆದರೆ ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಸುದ್ದಿ ಬಂದುಬಿಟ್ಟರೆ? ಎಬ್ಬಿಸುವ ಕೂಗು ಎದ್ದಿರುವವನಿಗೆ ಬಿದ್ದು ವ್ಯರ್ಥವಾಗುತ್ತದೆ. ಆಮೇಲೆ ಅವನು ಮಲಗುತ್ತಾನೆ, ಇನ್ನು ಏಳುವುದಿಲ್ಲ. ಸಾವಿರ ಸಲ ಪರೀಕ್ಷೆ ಮಾಡಿದರೂ ಆ ಸಂದಿಗೆ ಸರಿಯಾಗಿ ಸುದ್ದಿ ಬೀಳದೆ ಹೋಗಬಹುದು. ಎಲ್ಲ ಸಂದಿಗಳನ್ನೂ ನೋಡುವ ಯಂತ್ರದ ಕಣ್ಣಿಗೆ ಅದು ತಪ್ಪಿಸಿಕೊಳ್ಳಲಿಲ್ಲ. ತಿದ್ದಿದರು.

1999ರ ಮೇ. ಭೂಮಿಯಿಂದ ಸುಮಾರು ಹತ್ತು ಕೋಟಿ ಕಿಲೋಮೀಟರ್ ದೂರದಲ್ಲಿ ರಿಮೋಟ್ ಏಜೆಂಟಿಗೆ ನೌಕೆಯ ಚುಕ್ಕಾಣಿ ಕೊಟ್ಟರು. ಎರಡನೇ ದಿನ ಎಂಜಿನ್ ನಿಲ್ಲಿಸಬೇಕಾದ ಹೊತ್ತಿಗೆ ಆಜ್ಞೆ ಬರಲಿಲ್ಲ. ತಂತ್ರಾಂಶ ಮಲಗಿಬಿಟ್ಟಿತ್ತು, ಡೆಡ್‌ಲಾಕ್. ಕಾರಣ ಬಗೆದು ನೋಡಿದರೆ ಅದೇ ಸಂದಿ! ನೋಡುವುದಕ್ಕೂ ಮಲಗುವುದಕ್ಕೂ ನಡುವಿನ ಅದೇ ಕೂದಲೆಳೆ. ಸ್ಪಿನ್ ನೋಡಿರದ ಇನ್ನೊಂದು ಭಾಗದಲ್ಲಿ ಅದೇ ಜಾತಿಯ ತಪ್ಪು ಮೈದಳೆದು ಕೂತಿತ್ತು. ನೌಕೆಗೇನೂ ಆಗಲಿಲ್ಲ, ಕೆಲ ದಿನಗಳಲ್ಲೇ ಪ್ರಯೋಗದ ಗುರಿಗಳೆಲ್ಲ ಮುಗಿದವು. ಹುಡುಕದ ಕೋಣೆಯಲ್ಲಿ ಮಾತ್ರ ಕಳ್ಳ ಸಿಕ್ಕಿದ ಈ ಕಥೆಯನ್ನು ನಾನು ಮೂರು ಸಲ ಓದಿದೆ.

ಹಾಗಾದರೆ ಎಲ್ಲರೂ ಇದನ್ನು ಯಾಕೆ ಬಳಸುವುದಿಲ್ಲ? ನನ್ನ ಅನುಭವದಲ್ಲಿ ಹೇಳುವುದಾದರೆ, ಕಷ್ಟ ಯಂತ್ರದ್ದಲ್ಲ, ನಾಲಿಗೆಯದು. ಚೌಕದೊಳಗೆ ವಜ್ರ, ವಜ್ರದೊಳಗೆ ಚೌಕ ಸೇರಿದರೆ ತಲೆ ಗಿರ್ರೆನ್ನುತ್ತದೆ. ‘ಯಾವಾಗಲೂ ಎಂದಾದರೂ’ ಅಂದರೆ ಮತ್ತೆ ಮತ್ತೆ, ಕೊನೆಯಿಲ್ಲದೆ ಆಗುವುದು. ‘ಎಂದಾದರೂ ಯಾವಾಗಲೂ’ ಅಂದರೆ ಒಂದು ಹಂತದ ಮೇಲೆ ಬದಲಾಗದೆ ನಿಲ್ಲುವುದು. ಪದ ಹಿಂದುಮುಂದಾದರೆ ಅರ್ಥವೇ ಬೇರೆ. ‘ವರೆಗೆ’ಯಂತೂ ಇನ್ನೂ ಮೋಸಗಾರ. ‘ಅವನು ಬರುವವರೆಗೆ ಕಾಯುತ್ತೇನೆ’ ಎಂದರೆ ಅವನು ಬಂದೇ ಬರುತ್ತಾನೆಂದು ಮಾತು ಕೊಟ್ಟಂತಾಯಿತೇ? ಕಾಲತರ್ಕದಲ್ಲಿ ಇದಕ್ಕೆ ಎರಡು ಬೇರೆ ಚಿಹ್ನೆಗಳಿವೆ: ಬಂದೇ ಬರುತ್ತಾನೆಂಬ ಗಟ್ಟಿ ‘ವರೆಗೆ’, ಬಾರದೆಯೂ ಇರಬಹುದಾದ ಮೆದು ‘ವರೆಗೆ’. ನಮ್ಮ ಗಾದೆಯನ್ನೇ ನೋಡಿ: ಹುಚ್ಚು ಬಿಡುವವರೆಗೆ ಮದುವೆ ಆಗೋಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡೋಲ್ಲ. ಎರಡು ಮೆದು ‘ವರೆಗೆ’ಗಳು ಒಂದರ ಕಾಲು ಇನ್ನೊಂದು ಹಿಡಿದು ಕೂತಿವೆ. ಡೆಡ್‌ಲಾಕ್ ಎಂದರೇನು ಎಂದು ಕೇಳಿದವರಿಗೆಲ್ಲ ಈಗ ಇದನ್ನೇ ಹೇಳುತ್ತಿದ್ದೇನೆ.

ನಾಲಿಗೆಯ ಈ ತೊಡಕನ್ನು ಬಿಡಿಸಲು 1999ರಲ್ಲಿ ಮ್ಯಾಥ್ಯೂ ಡ್ವಾಯರ್, ಜಾರ್ಜ್ ಅವ್ರುನಿನ್, ಜೇಮ್ಸ್ ಕಾರ್ಬೆಟ್ ಒಂದು ಚಂದದ ಕೆಲಸ ಮಾಡಿದರು. ಜನ ನಿಜವಾಗಿ ಬರೆದಿದ್ದ 555 ಬೇಡಿಕೆಗಳನ್ನು ಒಟ್ಟುಹಾಕಿ ಜರಡಿ ಹಿಡಿದರು. ಶೇ. 92ರಷ್ಟು ಬೇಡಿಕೆಗಳು ಬೆರಳೆಣಿಕೆಯ ಅಚ್ಚುಗಳಿಗೆ ಬಿದ್ದವು! ಇದು ಎಂದೂ ಆಗಬಾರದು. ಇದು ಸದಾ ಇರಬೇಕು. ಅದಕ್ಕಿಂತ ಮುಂಚೆ ಇದಾಗಿರಬೇಕು. ಇದಾದರೆ ಮುಂದೆ ಅದಾಗಬೇಕು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಈ ಕೊನೆಯದು, ಕೇಳಿದರೆ ಸಿಗಬೇಕು ಎಂಬುದು. ನನ್ನ ಲಿಫ್ಟಿನ ಸಾಲೂ ಅದೇ. ಅಚ್ಚು ಆರಿಸಿ, ನಿಮ್ಮ ಪದ ತುಂಬಿ, ಸೂತ್ರ ತಾನಾಗಿ ಬರುತ್ತದೆ. ಅಂಗಡಿಯಲ್ಲಿ ಕೇಳಿ ಪಡೆದ ಅರ್ಜಿ ನಮೂನೆಯ ಹಾಗೆ.

ಆ ರಾತ್ರಿಗೆ ಮರಳುತ್ತೇನೆ. ಗಂಟೆ ಹನ್ನೆರಡೂವರೆ. ಲಿಫ್ಟಿನ ನಿಯಮ ಬದಲಾಯಿಸಿದೆ: ಮೇಲೆ ಹೊರಟರೆ ಮೇಲಿನ ಕರೆಗಳೆಲ್ಲ ಮುಗಿಯುವ ತನಕ ತಿರುಗಬೇಡ, ಕೆಳಗೆ ಹೊರಟಾಗಲೂ ಹಾಗೆಯೇ. ಯಾವ ದಿಕ್ಕಿಗೆ ಹೊರಟಿದೆ ಎಂಬುದೂ ನೆನಪಿರಬೇಕಾದ್ದರಿಂದ ಕೋಣೆಗಳು ದುಪ್ಪಟ್ಟು, ಆಗಲಿ. ಈ ಸಲ ಗೆದ್ದೆ ಎಂದುಕೊಂಡು ಎಂಟರ್ ಒತ್ತಿದೆ.

‘ಎರರ್ಸ್: 1.’

ಜಾಡು ತೆರೆದೆ. ಲಿಫ್ಟ್ ಒಂದನೇ ಮಹಡಿಯಲ್ಲಿದೆ, ಮೇಲೆ ಹೊರಡಬೇಕು. ಬಾಗಿಲು ಮುಚ್ಚುವಷ್ಟರಲ್ಲಿ ಒಂದರ ಗುಂಡಿಯನ್ನೇ ಯಾರೋ ಮತ್ತೆ ಒತ್ತಿದರು. ಬಾಗಿಲು ತೆರೆಯಿತು. ಮುಚ್ಚುವಷ್ಟರಲ್ಲಿ ಮತ್ತೆ. ‘ಸ್ಟಾರ್ಟ್ ಆಫ್ ಸೈಕಲ್.’ ಜೋರಾಗಿ ನಕ್ಕುಬಿಟ್ಟೆ. ನಮ್ಮ ಅಪಾರ್ಟ್‌ಮೆಂಟಿನ ಒಂದನೇ ಮಹಡಿಯ ನಾಲ್ಕು ವರ್ಷದ ಪುಟ್ಟ ರಜೆಯಲ್ಲಿ ಮಾಡುವ ಕೆಲಸವೇ ಇದು! ಆ ಮಗುವನ್ನು ಕಂಡೇ ಇರದ ಯಂತ್ರ, ಬರೀ ಕೋಣೆಗಳನ್ನು ಸುತ್ತಿ ಅದನ್ನು ಹುಡುಕಿ ತಂದಿತ್ತು.

ಇದು ಲಿಫ್ಟಿನ ತಪ್ಪಲ್ಲ, ನಿಯಮದ್ದೂ ಅಲ್ಲ. ಲೋಕದ ಬಗ್ಗೆ ನಾನು ಹೇಳದೆ ಬಿಟ್ಟ ಮಾತು. ಈ ವಿದ್ಯೆಯಲ್ಲಿ ಅದನ್ನು ‘ಫೇರ್‌ನೆಸ್’ ಎನ್ನುತ್ತಾರೆ, ನ್ಯಾಯದ ಷರತ್ತು. ಬೇಡಿಕೆಯ ಮುಂದೆ ಇನ್ನೊಂದು ತುಣುಕು ಸೇರಿಸಿದೆ, ಒಂದು ಚೌಕ, ಒಂದು ವಜ್ರ: ನಿಂತ ಮಹಡಿಯ ಗುಂಡಿಯನ್ನು ಒತ್ತದೆ ಬಿಡುವ ಗಳಿಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ ಎಂದಾದರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅಮ್ಮ ಕರೆದಾಗಲಾದರೂ ಪುಟ್ಟ ಗುಂಡಿ ಬಿಟ್ಟು ಊಟಕ್ಕೆ ಹೋಗುತ್ತದೆ ಎಂದಾದರೆ.

ಎಂಟರ್. ಯಂತ್ರ ಎಲ್ಲ ಕೋಣೆಗಳನ್ನೂ ಸುತ್ತಿ ಬಂತು. ತಾತನಿಗೆ ನಿಲ್ಲಲು ಜಾಗ ಸಿಗಲಿಲ್ಲ.

‘ಎರರ್ಸ್: 0.’